ಕರಗದ ಸಾರ, ಗಂಟುಕಟ್ಟುವ ಪುಡಿ: ಮಲೆನಾಡಿನ ಸಣ್ಣ ಔಷಧ ಘಟಕಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಜನವರಿಯಲ್ಲಿ ಸಲೀಸಾಗಿ ಸುರಿಯುತ್ತಿದ್ದ ನೆಲ್ಲಿಕಾಯಿ ಸಾರದ ಪುಡಿ ಜುಲೈ ಹೊತ್ತಿಗೆ ಡ್ರಮ್ಮಿನೊಳಗೆ ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿ ಕೂತಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗಿಡಮೂಲಿಕೆ ಕೆಲಸ ಮಾಡುವವರಿಗೆ ಇದು ಹೊಸ ಸುದ್ದಿಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಗಾಳಿಯಲ್ಲಿ ಪುಡಿ ಪುಡಿಯಾಗಿಯೇ ಇರಲಿ ಅಂದರೆ ಹೇಗೆ? ಅರಿಶಿನದ ಸಾರದ ಕಥೆ ಇದಕ್ಕೆ ಉಲ್ಟಾ. ಮಳೆಗಾಲದಲ್ಲೂ ಅದು ಉದುರುದುರಾಗಿಯೇ ಇರುತ್ತದೆ. ಆದರೆ ನೀರಿಗೆ ಹಾಕಿದರೆ ಕರಗುವುದೇ ಇಲ್ಲ.

ಈ ಎರಡು ದೂರುಗಳನ್ನು ಬೇರೆ ಬೇರೆ ಅಂತ ನೋಡಿದರೆ ಕೆಲಸ ಕೆಡುತ್ತದೆ. ನೀರಿನಲ್ಲಿ ಚೆನ್ನಾಗಿ ಕರಗುವ ಸಾರವೇ ಸಾಮಾನ್ಯವಾಗಿ ಗಾಳಿಯ ತೇವವನ್ನೂ ಚೆನ್ನಾಗಿ ಎಳೆದುಕೊಳ್ಳುತ್ತದೆ. ನಮ್ಮ ಕಾಡಿನ ಉಪ್ಪಾಗೆಯನ್ನೇ ನೋಡಿ. ಅದರ ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ತೋರಿಸಿದರು. ಈ ಆಮ್ಲ ಹಾಗೇ ಬಿಟ್ಟರೆ ನಿಲ್ಲುವುದಿಲ್ಲ, ಲ್ಯಾಕ್ಟೋನ್ ಎಂಬ ಉಂಗುರದ ರೂಪಕ್ಕೆ ಬದಲಾಗುತ್ತದೆ. ಅದಕ್ಕೇ ಲವಣ ಮಾಡುತ್ತಾರೆ. ಕ್ಯಾಲ್ಸಿಯಂ ಲವಣ ಮಾಡಿದರೆ ಪುಡಿ ಒಣಗಿಯೇ ಇರುತ್ತದೆ, ಆದರೆ ಸರಿಯಾಗಿ ಕರಗುವುದಿಲ್ಲ. ಪೊಟ್ಯಾಸಿಯಂ ಲವಣ ಚೆನ್ನಾಗಿ ಕರಗುತ್ತದೆ, ಆದರೆ ತೇವ ಹೀರಿ ಅಂಟಂಟಾಗುತ್ತದೆ. ಕೊನೆಗೆ ಎರಡನ್ನೂ ಬೆರೆಸಿದ ಲವಣವೇ ಮಾರುಕಟ್ಟೆಯಲ್ಲಿ ನಿಂತಿತು. ಮುಂದಿನ ಪ್ರತಿ ಹಂತದಲ್ಲೂ ಇದೇ ಜಗ್ಗಾಟ ಇರುತ್ತದೆ.

ಇದು ಲೈಸೆನ್ಸ್ ಇರುವ ಸಣ್ಣ ಘಟಕಗಳಿಗೆ, ರೈತ ಉತ್ಪಾದಕ ಸಂಘಗಳಿಗೆ, ಫಾರ್ಮಸಿ ವಿದ್ಯಾರ್ಥಿಗಳಿಗೆ ಬರೆದದ್ದು. ಮನೆಯಲ್ಲಿ ಕಷಾಯ ಕಾಯಿಸಿ ಕುಡಿಯುವವರಿಗೆ ಇದ್ಯಾವುದೂ ಬೇಕಿಲ್ಲ.

ಹಂತ 1: ತೊಂದರೆ ಯಾವುದು ಅಂತ ಅಳೆದು ನೋಡಿ

ಬಹಳ ಮಂದಿ ಇದನ್ನು ಹಾರಿಸಿ ನೇರವಾಗಿ ದುಬಾರಿ ಸಾಮಗ್ರಿ ತರಿಸುತ್ತಾರೆ. ಹಾಗೆ ಮಾಡಬೇಡಿ. ಒಂದು ತಕ್ಕಡಿ, ಓವನ್, ಫಿಲ್ಟರ್ ಪೇಪರ್ ಇದ್ದರೆ ಮೊದಲ ಪರೀಕ್ಷೆ ನಿಮ್ಮಲ್ಲೇ ಆಗುತ್ತದೆ.

1 ಗ್ರಾಂ ಸಾರವನ್ನು 100 ಮಿ.ಲೀ. ನೀರಿಗೆ ಹಾಕಿ ಅರ್ಧ ಗಂಟೆ ಕದಡಿ. ಸೋಸಿ. ಸೋಸಿದ ನೀರಿನಲ್ಲಿ 50 ಮಿ.ಲೀ. ಅಳೆದು, ಮೊದಲೇ ತೂಗಿಟ್ಟ ಬಟ್ಟಲಿಗೆ ಹಾಕಿ, ನೀರು ಆರಿಸಿ, 105 ಡಿಗ್ರಿಯಲ್ಲಿ ಒಣಗಿಸಿ ತೂಗಿ. 0.42 ಗ್ರಾಂ ಉಳಿಯಿತು ಅನ್ನಿ. ಅಂದರೆ 100 ಮಿ.ಲೀ.ಗೆ 0.84 ಗ್ರಾಂ, ಸಾರದ 84% ಕರಗಿದೆ. ಇದನ್ನೇ ಇನ್ನೆರಡು ದ್ರವದಲ್ಲಿ ಮಾಡಿ: ಹೊಟ್ಟೆಯ ಲೆಕ್ಕಕ್ಕೆ ಪಿಎಚ್ 1.2ರ ಹೈಡ್ರೋಕ್ಲೋರಿಕ್ ಆಮ್ಲ, ಕರುಳಿನ ಲೆಕ್ಕಕ್ಕೆ ಪಿಎಚ್ 6.8ರ ಫಾಸ್ಫೇಟ್ ಬಫರ್. ಬಫರ್‌ನಲ್ಲಿ ಅದರದೇ ಲವಣವೂ ಬಟ್ಟಲಲ್ಲಿ ಉಳಿಯುತ್ತದೆ. ಬರೀ ಬಫರ್ ಒಣಗಿಸಿ ತೂಗಿ ಅದನ್ನು ಕಳೆಯುವುದು ಮರೆಯಬೇಡಿ.

ಇಲ್ಲಿ ಒಂದು ಮೋಸ ಇದೆ. ಸಾರದ 84% ಕರಗಿದೆ ಅಂದಮಾತ್ರಕ್ಕೆ ಔಷಧದ ಅಂಶ ಕರಗಿದೆ ಅಂತ ಅರ್ಥವಲ್ಲ. ಸಕ್ಕರೆ, ಅಂಟು, ಲವಣ ಎಲ್ಲ ಕರಗಿ, ನೆಲಬೇವಿನ ಆಂಡ್ರೋಗ್ರಾಫೋಲೈಡ್ ಮಾತ್ರ ಫಿಲ್ಟರ್ ಪೇಪರಿನ ಮೇಲೆ ಕೂತಿರಬಹುದು. ಆದ್ದರಿಂದ ಸೋಸಿದ ನೀರಿನಲ್ಲೂ ಪೇಪರಿನ ಮೇಲಿನ ಗಸಿಯಲ್ಲೂ ಮಾರ್ಕರ್ (ಸಾರವನ್ನು ಅಳೆಯಲು ಗುರುತಾಗಿ ಹಿಡಿದ ಅಂಶ, ಇಲ್ಲಿ ಆಂಡ್ರೋಗ್ರಾಫೋಲೈಡ್) ಎಷ್ಟಿದೆ ಅಂತ ಎಚ್‌ಪಿಎಲ್‌ಸಿಯಲ್ಲಿ (ದ್ರವದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆಯಿಸಬೇಕು. ನಿಮ್ಮಲ್ಲಿ ಆ ಯಂತ್ರ ಇಲ್ಲದಿದ್ದರೆ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕಳಿಸಿ. ಹತ್ತಿರದ ಫಾರ್ಮಸಿ ಕಾಲೇಜಿನಲ್ಲೋ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ವಿಚಾರಿಸಿದರೆ ದಾರಿ ಸಿಗುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡುವುದಂತೂ ಬೇಡ. ಅರಿಶಿನ ಹಾಕಿದ ನೀರು ಹಳದಿ ಆಗುತ್ತದೆ, ನಿಜ. 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ನೋಡಿ. ಹಳದಿ ಬಹುತೇಕ ಮೇಲೆಯೇ ಉಳಿಯುತ್ತದೆ. ಅದು ತೇಲುತ್ತಿದ್ದ ಪುಡಿ, ಕರಗಿದ್ದಲ್ಲ.

ಎರಡನೇ ಪರೀಕ್ಷೆ ತೇವದ್ದು. ಅಗಲ ಬಾಯಿಯ ಗಾಜಿನ ಡಬ್ಬಿಯ ತಳಕ್ಕೆ ಅಡುಗೆ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಾಕಿ. ಕರಗದ ಉಪ್ಪು ತಳದಲ್ಲಿ ಕಾಣುವಷ್ಟು ಇರಲಿ. 25 ಡಿಗ್ರಿಯಲ್ಲಿ ಮುಚ್ಚಿಟ್ಟ ಆ ಡಬ್ಬಿಯೊಳಗಿನ ಗಾಳಿಯ ತೇವಾಂಶ ಸುಮಾರು 75%ಕ್ಕೆ ನಿಲ್ಲುತ್ತದೆ. ಉಪ್ಪಿನ ಬದಲು ಮೆಗ್ನೀಸಿಯಂ ಕ್ಲೋರೈಡ್ ಹಾಕಿದರೆ ಸುಮಾರು 33%. ತೂಗಿದ ಸಾರವನ್ನು ಸಣ್ಣ ತಟ್ಟೆಯಲ್ಲಿ ಹರಡಿ, ಉಪ್ಪುನೀರು ತಾಗದಂತೆ ಮೇಲೆ ಇಟ್ಟು, 24 ಗಂಟೆ ಬಿಟ್ಟು ತೂಗಿ. ಯುರೋಪಿಯನ್ ಫಾರ್ಮಕೋಪಿಯ 80% ತೇವಾಂಶದಲ್ಲಿ 2ರಿಂದ 15% ತೂಕ ಏರಿದರೆ ತೇವ ಹೀರುವ ವಸ್ತು ಅನ್ನುತ್ತದೆ, 15% ದಾಟಿದರೆ ಬಹಳ ಹೀರುವ ವಸ್ತು. ಉಪ್ಪಿನ ಡಬ್ಬಿಯ 75% ಅದಕ್ಕಿಂತ ಸ್ವಲ್ಪ ಕಡಿಮೆ. ಆದರೂ ಅಂದಾಜು ಸಿಗಲು ಸಾಕು. ತೂಕದ ಜೊತೆ ರೂಪವನ್ನೂ ಬರೆದುಕೊಳ್ಳಿ: ಪುಡಿಯಾಗೇ ಇದೆಯೋ, ಗಂಟಾಗಿದೆಯೋ, ಪಾಕವಾಗಿದೆಯೋ.

ಈ ಎರಡು ಪರೀಕ್ಷೆ ಮುಗಿದರೆ ನಿಮ್ಮ ಸಾರ ಯಾವ ಗುಂಪಿನದು ಅಂತ ಗೊತ್ತಾಗುತ್ತದೆ. ಮಾರ್ಕರ್ ಕರಗುತ್ತಿದೆ, ಪುಡಿ ಮಾತ್ರ ಗಂಟಾಗುತ್ತಿದೆ ಅಂದರೆ ನಾಲ್ಕನೇ ಹಂತವನ್ನು ಬಿಟ್ಟುಬಿಡಿ. ಕಾಸೂ ಉಳಿಯುತ್ತದೆ.

ಹಂತ 2: ಕಚ್ಚಾ ಮಾಲು ಮತ್ತು ಸಾರ ತೆಗೆಯುವುದು

ಅಡಿಕೆ ಒಣಗಿಸುವ ಡ್ರೈಯರ್‌ನಲ್ಲೇ ಎಲೆ, ಬೇರು ಒಣಗಿಸುವ ರೂಢಿ ನಮ್ಮ ಕಡೆ ಇದೆ. ಹೊಗೆ ತಾಗದ, ಬಿಸಿಗಾಳಿ ಮಾತ್ರ ಬರುವ ಡ್ರೈಯರ್ ಆದರೆ ಸರಿ. ಸೌದೆಯ ಹೊಗೆ ನೇರವಾಗಿ ಹಾಯುವಂಥದ್ದು ಬೇಡವೇ ಬೇಡ. ಆ ಹೊಗೆಯ ಟಾರ್ ಸಾರಕ್ಕೆ ಇಳಿಯುತ್ತದೆ, ಮತ್ತೆ ತೆಗೆಯಲಾಗುವುದಿಲ್ಲ. ಎಲೆಗಳಿಗೆ 45–50 ಡಿಗ್ರಿ ಸಾಕು. ತೇವ 10%ಕ್ಕಿಂತ ಕೆಳಗೆ ಬಂದ ಮೇಲೆ ಒರಟಾಗಿ ಪುಡಿ ಮಾಡಿ. ತೀರಾ ನುಣ್ಣಗೆ ಮಾಡಿದರೆ ಸೋಸುವಾಗ ಕೆಸರಾಗುತ್ತದೆ.

ಪಾತ್ರೆ ಸ್ಟೀಲ್‌ದೇ ಇರಲಿ. ನೆಲ್ಲಿ, ಅಳಲೆ, ತಾರೆಯ ಟ್ಯಾನಿನ್ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ.

ಯಾವ ದ್ರವದಲ್ಲಿ ಸಾರ ತೆಗೆಯುತ್ತೀರಿ ಅನ್ನುವಲ್ಲೇ ಮುಂದಿನ ಅರ್ಧ ತೊಂದರೆ ನಿರ್ಧಾರವಾಗುತ್ತದೆ. ಬರೀ ನೀರಿನಲ್ಲಿ ಕುದಿಸಿದರೆ ಸಕ್ಕರೆ, ಲೋಳೆ, ಪ್ರೋಟೀನ್, ಖನಿಜ ಲವಣ ಎಲ್ಲವೂ ಬರುತ್ತವೆ. ತೂಕ ಜಾಸ್ತಿ ಸಿಕ್ಕಿತು ಅಂತ ಖುಷಿ ಆಗುತ್ತದೆ, ಆದರೆ ಮಳೆಗಾಲದಲ್ಲಿ ಗಂಟಾಗುವುದು ಇದೇ ಹೊರೆಯಿಂದ. 60–70% ಎಥನಾಲ್‌ನಲ್ಲಿ ತೆಗೆದರೆ ಅಂಟು ಮತ್ತು ಪ್ರೋಟೀನ್ ಬಹುಪಾಲು ಗಿಡದಲ್ಲೇ ಉಳಿಯುತ್ತವೆ. ಈಗಾಗಲೇ ನೀರಿನ ಸಾರ ತೆಗೆದಿದ್ದರೆ, ಅದನ್ನು ಇಂಗಿಸಿ ಗಟ್ಟಿ ಮಾಡಿ, ಎಥನಾಲ್ ಪ್ರಮಾಣ 60–70% ಆಗುವವರೆಗೆ ನಿಧಾನವಾಗಿ ಕದಡುತ್ತಾ ಸೇರಿಸಿ, ರಾತ್ರಿಯಿಡೀ ತಣ್ಣಗಿಡಿ. ಅಂಟು ತಳಕ್ಕೆ ಕೂರುತ್ತದೆ. ತಿಳಿಯನ್ನು ಬಸಿದುಕೊಳ್ಳಿ. ಅಮೃತಬಳ್ಳಿಯಂಥ ಗಿಡದಲ್ಲಿ ಮಾತ್ರ ಯೋಚಿಸಿ ಮಾಡಿ. ಅಲ್ಲಿ ಈ ಅಂಟಿನಲ್ಲಿರುವ ಪಾಲಿಸ್ಯಾಕರೈಡ್‌ಗಳಿಗೇ (ಉದ್ದ ಸರಪಳಿಯ ಸಕ್ಕರೆ) ಗುಣ ಇದೆ ಅಂತ ನಿಮ್ಮ ಉತ್ಪನ್ನ ಹೇಳುತ್ತಿದ್ದರೆ, ನೀವು ಚೆಲ್ಲುತ್ತಿರುವುದು ಔಷಧವನ್ನೇ.

ಎಣ್ಣೆ, ಮೇಣದ ಅಂಶ ಜಾಸ್ತಿ ಇರುವ ಮಾಲು ನೀರನ್ನು ದೂರ ತಳ್ಳುತ್ತದೆ. ಎಷ್ಟೋ ಸಲ ಕರಗುವುದಿಲ್ಲ ಅನ್ನುವ ದೂರು ಬರೀ ಒದ್ದೆಯಾಗದ ದೂರು. ಸಾರವನ್ನು ಗಟ್ಟಿ ಮಾಡಿ ತಣ್ಣಗಿಟ್ಟು, ಮೇಲೆ ಕಟ್ಟಿದ ಮೇಣವನ್ನು ತೆಗೆದರೆ ಅರ್ಧ ಕೆಲಸ ಆಗುತ್ತದೆ.

ಇನ್ನೊಂದು ಎಚ್ಚರಿಕೆ. ಆಡುಸೋಗೆಯ ವ್ಯಾಸಿಸಿನ್ ಒಂದು ಆಲ್ಕಲಾಯ್ಡ್. ಅದನ್ನು ಅಳಲೆ, ನೆಲ್ಲಿಯಂಥ ಟ್ಯಾನಿನ್ ತುಂಬಿದ ಸಾರದ ಜೊತೆ ದ್ರವರೂಪದಲ್ಲಿ ಬೆರೆಸಿದರೆ ಎರಡೂ ಸೇರಿ ಗಸಿ ಕಟ್ಟಬಹುದು. ಸಿರಪ್ ಮಾಡುವವರು ಮೊದಲು ಸಣ್ಣ ಬಾಟಲಿಯಲ್ಲಿ ಬೆರೆಸಿಟ್ಟು ನೋಡಿ.

ಹಂತ 3: ಗಟ್ಟಿ ಮಾಡಿ ಒಣಗಿಸುವುದು

ತೆರೆದ ಬಾಣಲೆಯಲ್ಲಿ ಕುದಿಸಿ ಇಂಗಿಸಬೇಡಿ. ನಿರ್ವಾತದಲ್ಲಿ, 60 ಡಿಗ್ರಿಯೊಳಗೆ ಇಂಗಿಸಿ. ಒಂದೆಲಗದಂಥ ಸಪೋನಿನ್ ಇರುವ ಸಾರ ನೊರೆ ಉಕ್ಕಿಸುತ್ತದೆ. ಪಾತ್ರೆಯನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ನಿರ್ವಾತವನ್ನು ನಿಧಾನವಾಗಿ ಏರಿಸಿ.

ಸ್ಪ್ರೇ ಡ್ರೈಯರ್‌ನಲ್ಲಿ ಒಳಬರುವ ಗಾಳಿ 150–170, ಹೊರಹೋಗುವುದು 80–90 ಡಿಗ್ರಿ ಇದ್ದರೆ ಹೆಚ್ಚಿನ ಸಾರಗಳು ಒಣಗುತ್ತವೆ. ಆದರೆ ನೆಲ್ಲಿ, ಮುರುಗಲು ಒಣಗದೆ ಗೋಡೆಗೆ ಅಂಟಿಕೊಳ್ಳುತ್ತವೆ. ಯಾಕೆ ಅಂತ ತಿಳಿದಿದ್ದರೆ ಪರಿಹಾರ ಸುಲಭ. ಒಣಗಿದ ಸಕ್ಕರೆ ಒಂದು ಉಷ್ಣತೆಯ ಕೆಳಗೆ ಗಾಜಿನಂತೆ ಗಟ್ಟಿ, ಅದರ ಮೇಲೆ ಅಂಟು. ಫ್ರಕ್ಟೋಸ್‌ಗೆ ಆ ಉಷ್ಣತೆ ಸುಮಾರು 5 ಡಿಗ್ರಿ, ಗ್ಲೂಕೋಸ್‌ಗೆ 31. ಪಿಷ್ಟ ಒಡೆದು ಮಾಡುವ ಮಾಲ್ಟೋಡೆಕ್ಸ್‌ಟ್ರಿನ್‌ಗೆ, ಡಿಇ (ಪಿಷ್ಟ ಎಷ್ಟು ಒಡೆದಿದೆ ಅನ್ನುವ ಅಂಕಿ) 10 ಇದ್ದರೆ, 160ರ ಆಸುಪಾಸು. ಸಾರಕ್ಕೆ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿದರೆ ಇಡೀ ಮಿಶ್ರಣದ ಮಿತಿ ಮೇಲೇರುತ್ತದೆ. ತೇವ ಸೇರಿದರೆ ಅದೇ ಮಿತಿ ಮತ್ತೆ ಕೆಳಗಿಳಿಯುತ್ತದೆ. ಜುಲೈನಲ್ಲಿ ಡ್ರಮ್ಮಿನೊಳಗೆ ನಡೆಯುವುದು ಇದೇ.

ಡಿಇ 18–20ರ ಮಾಲ್ಟೋಡೆಕ್ಸ್‌ಟ್ರಿನ್ ಬೇಗ ಕರಗುತ್ತದೆ ಅಂತ ಕೊಳ್ಳುವವರಿದ್ದಾರೆ. ಮಲೆನಾಡಿಗೆ 10–12ರದ್ದೇ ಸರಿ. ಒಣ ಸಾರದ 20–30%ದಿಂದ ಶುರು ಮಾಡಿ, ಹಣ್ಣಿನ ಸಾರಕ್ಕೆ ಇನ್ನೂ ಜಾಸ್ತಿ ಬೇಕಾಗಬಹುದು. ಪುಡಿ ಹೊರಬಂದ ತಕ್ಷಣ 1–2% ಕೊಲಾಯ್ಡಲ್ ಸಿಲಿಕಾ ಬೆರೆಸಿದರೆ ಕಣಗಳು ಒಂದಕ್ಕೊಂದು ಅಂಟುವುದು ತಪ್ಪುತ್ತದೆ. ಸೇರಿಸಿದ್ದನ್ನೆಲ್ಲ ಬ್ಯಾಚ್ ದಾಖಲೆಯಲ್ಲಿ ಬರೆಯಿರಿ. ಸಾರದ ಬೆಲೆಗೆ ಮಾಲ್ಟೋಡೆಕ್ಸ್‌ಟ್ರಿನ್ ಮಾರುವವರು ಈ ವ್ಯಾಪಾರದಲ್ಲಿ ಕಮ್ಮಿ ಇಲ್ಲ, ಆ ಸಾಲಿಗೆ ನೀವು ಸೇರಬೇಡಿ.

ಸ್ಪ್ರೇ ಡ್ರೈಯರ್ ಇಲ್ಲದವರು ನಿರ್ವಾತದ ಟ್ರೇ ಡ್ರೈಯರ್‌ನಲ್ಲಿ 55–60 ಡಿಗ್ರಿಯಲ್ಲಿ ಒಣಗಿಸಿ, ತಣ್ಣಗಾಗುವ ಮೊದಲೇ ಒಣ ಕೋಣೆಗೆ ಸಾಗಿಸಿ ಅಲ್ಲೇ ಪುಡಿ ಮಾಡಿ. 105 ಡಿಗ್ರಿಯಲ್ಲಿ ಒಣಗಿಸಿದಾಗ ಕಳೆಯುವ ತೂಕ 5%ದೊಳಗೆ ಇರಬೇಕು.

ಹಂತ 4: ಕರಗಿಸುವ ದಾರಿಗಳು

ಮೊದಲು ಅಗ್ಗದ್ದು: ಕಣ ಸಣ್ಣದು ಮಾಡುವುದು. ಮೇಲ್ಮೈ ಜಾಸ್ತಿ ಆದಷ್ಟೂ ಬೇಗ ಕರಗುತ್ತದೆ. ಆದರೆ ಇದು ಕರಗುವ ವೇಗವನ್ನು ಹೆಚ್ಚಿಸುತ್ತದೆ, ಕರಗುವ ಒಟ್ಟು ಪ್ರಮಾಣವನ್ನಲ್ಲ. ನೆಲಬೇವಿನಂಥದಕ್ಕೆ ಸ್ವಲ್ಪ ಉಪಯೋಗವಾಗಬಹುದು. ಅರಿಶಿನಕ್ಕೆ ಇದೊಂದೇ ಸಾಲದು.

ಪಿಎಚ್ ಬದಲಿಸುವುದು ಎರಡನೆಯದು. ಇದು ಎರಡಲಗಿನ ಕತ್ತಿ. ವ್ಯಾಸಿಸಿನ್‌ನಂಥ ಆಲ್ಕಲಾಯ್ಡ್‌ಗೆ ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸಿದರೆ ಲವಣವಾಗಿ ಚೆನ್ನಾಗಿ ಕರಗುತ್ತದೆ. ಮಧುನಾಶಿನಿಯ ಜಿಮ್ನೆಮಿಕ್ ಆಮ್ಲಗಳು ಇದಕ್ಕೆ ತದ್ವಿರುದ್ಧ. ಕ್ಷಾರದಲ್ಲಿ ಕರಗುತ್ತವೆ, ಆಮ್ಲ ಸೇರಿದರೆ ಗಸಿಯಾಗುತ್ತವೆ. ಅರಿಶಿನಕ್ಕೆ ಮಾತ್ರ ಸೋಡಾ ಹಾಕುವ ಆಸೆ ಬಿಡಿ. ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಕೆಂಪಾಗುವುದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ? ಕ್ಷಾರದಲ್ಲಿ ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ಕರಗುತ್ತದೆ, ಕರಗಿ ಒಡೆದೂ ಹೋಗುತ್ತದೆ. 37 ಡಿಗ್ರಿಯಲ್ಲಿ, ಪಿಎಚ್ 7.2ರ ಫಾಸ್ಫೇಟ್ ಬಫರ್‌ನಲ್ಲೇ ಅರ್ಧ ಗಂಟೆಯೊಳಗೆ ಸುಮಾರು 90% ಹಾಳಾಗುತ್ತದೆ.

ಕರಗಿಸುವ ಹಟದಲ್ಲಿ ಔಷಧವನ್ನೇ ಕಳೆದುಕೊಂಡ ದೊಡ್ಡ ಉದಾಹರಣೆ ಪಶ್ಚಿಮ ಘಟ್ಟದ ಗಿಡವೊಂದರಲ್ಲೂ ಇರುವ ರಾಸಾಯನಿಕದ್ದು. ದುರ್ವಾಸನೆ ಮರದಲ್ಲಿರುವ ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದಿಲ್ಲ. 1970ರ ದಶಕದ ಆರಂಭದಲ್ಲಿ ಅದನ್ನು ಸೋಡಿಯಂ ಲವಣ ಮಾಡಿ ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗ ಮಾಡಿದರು. ಲ್ಯಾಕ್ಟೋನ್ ಉಂಗುರ ತೆರೆದುಕೊಂಡು ಕರಗಿತು, ಗುಣ ಹೋಯಿತು, ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೊಂದರೆ ಬಂತು. ಆ ಉಂಗುರ ಉಳಿಸಿಕೊಂಡೇ ಕರಗುವಂತೆ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್‌ಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ. ಆ ಮರ ಸಣ್ಣ ಘಟಕದವರು ಮುಟ್ಟುವಂಥದ್ದಲ್ಲ. ನೆಲಬೇವಿನ ಆಂಡ್ರೋಗ್ರಾಫೋಲೈಡ್ ಕೂಡ ಲ್ಯಾಕ್ಟೋನೇ, ಅದನ್ನು ನೆನಪಿಡಿ.

ಮೂರನೆಯದು ಸೈಕ್ಲೋಡೆಕ್ಸ್‌ಟ್ರಿನ್. ಪಿಷ್ಟದಿಂದ ಮಾಡುವ ಉಂಗುರದಾಕಾರದ ಸಕ್ಕರೆ ಇದು. ಬೀಟಾ ಜಾತಿಯಲ್ಲಿ 7 ಗ್ಲೂಕೋಸ್ ಇರುತ್ತವೆ. ಉಂಗುರದ ಒಳಗು ಎಣ್ಣೆಗೆ ಹತ್ತಿರ, ಹೊರಗು ನೀರಿಗೆ ಹತ್ತಿರ. ಕರಗದ ಅಣು ಒಳಗೆ ಕೂತರೆ ನೀರಿಗೆ ಇಳಿಯುತ್ತದೆ. ಕಹಿ ಸಾರಗಳ ಕಹಿಯೂ ಕಡಿಮೆಯಾಗುತ್ತದೆ.

ಮಾಡುವ ಕ್ರಮಕ್ಕೆ ಆಯುರ್ವೇದದವರಿಗೆ ಪರಿಚಯದ ಖಲ್ವವೇ (ಔಷಧ ಅರೆಯುವ ಪಾತ್ರೆ) ಸಾಕು. ಬೀಟಾ ಸೈಕ್ಲೋಡೆಕ್ಸ್‌ಟ್ರಿನ್‌ಗೆ 50% ಎಥನಾಲ್ ಸ್ವಲ್ಪ ಸ್ವಲ್ಪ ಹಾಕಿ ಚಪಾತಿ ಹಿಟ್ಟಿಗಿಂತ ಮೆದುವಾಗಿ ಕಲಸಿ. ಅರಿಶಿನದ ಸಾರವನ್ನು ನಾಲ್ಕೈದು ಪಾಲು ಮಾಡಿ ಒಂದೊಂದಾಗಿ ಸೇರಿಸುತ್ತಾ ಮುಕ್ಕಾಲರಿಂದ ಒಂದು ಗಂಟೆ ಅರೆಯಿರಿ. ಒಣಗುತ್ತಾ ಬಂದರೆ ಎಥನಾಲ್ ಚಿಮುಕಿಸಿ. 40–45 ಡಿಗ್ರಿಯಲ್ಲಿ, ಬೆಳಕು ಬೀಳದಂತೆ ಒಣಗಿಸಿ, 80 ಮೆಶ್ ಜರಡಿ ಹಿಡಿಯಿರಿ. ಜೊತೆಗೆ ಅದೇ ಪ್ರಮಾಣದ ಸಾರ ಮತ್ತು ಸೈಕ್ಲೋಡೆಕ್ಸ್‌ಟ್ರಿನ್ ಅನ್ನು ಸುಮ್ನೆ ಒಣದಾಗಿ ಬೆರೆಸಿ ಇನ್ನೊಂದು ಮಾದರಿ ಇಡಿ. ಅರೆದದ್ದು ಇದಕ್ಕಿಂತ ಚೆನ್ನಾಗಿ ಕರಗದಿದ್ದರೆ ನಿಮ್ಮ ಒಂದು ಗಂಟೆಯ ದುಡಿಮೆ ದಂಡ.

ಲೆಕ್ಕ ಮೊದಲೇ ಹಾಕಿ. ಕರ್ಕ್ಯುಮಿನ್‌ನ ಅಣುತೂಕ 368, ಬೀಟಾ ಸೈಕ್ಲೋಡೆಕ್ಸ್‌ಟ್ರಿನ್‌ನದು 1135. ಒಂದಕ್ಕೆ ಎರಡು ಅಣುವಿನಂತೆ ಕಟ್ಟಬೇಕಾದರೆ 1 ಗ್ರಾಂಗೆ 6 ಗ್ರಾಂಗೂ ಜಾಸ್ತಿ ಬೇಕು. 250 ಮಿ.ಗ್ರಾಂ. ಕರ್ಕ್ಯುಮಿನ್ ಕೊಡಬೇಕು ಅಂದರೆ ಪುಡಿ ಸುಮಾರು 1.8 ಗ್ರಾಂ. ದೊಡ್ಡ 00 ಅಳತೆಯ ಕ್ಯಾಪ್ಸೂಲ್‌ನಲ್ಲಿ ಹಿಡಿಯುವುದೇ ಅರ್ಧ ಗ್ರಾಂ ಚಿಲ್ಲರೆ. ಮೂರು ನಾಲ್ಕು ಕ್ಯಾಪ್ಸೂಲ್ ನುಂಗಿ ಅಂದರೆ ಯಾರು ನುಂಗುತ್ತಾರೆ? ಸ್ಯಾಚೆ ಮಾಡಬೇಕು, ಇಲ್ಲ ಬೇರೆ ದಾರಿ ಹಿಡಿಯಬೇಕು. ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ತಾನೇ ಲೀಟರ್ ನೀರಿಗೆ 18.5 ಗ್ರಾಂ ಮಾತ್ರ ಕರಗುತ್ತದೆ. ಹೈಡ್ರಾಕ್ಸಿಪ್ರೊಪೈಲ್ ಜಾತಿಯದು ಅದಕ್ಕಿಂತ ಎಷ್ಟೋ ಪಟ್ಟು ಕರಗುತ್ತದೆ, ಬೆಲೆಯೂ ಹಾಗೇ.

ನಾಲ್ಕನೆಯದು ಘನ ಪ್ರಸರಣ. ಸಾರವನ್ನೂ ಪಿವಿಪಿ ಕೆ30 ಎಂಬ ನೀರಿನಲ್ಲಿ ಕರಗುವ ಪಾಲಿಮರನ್ನೂ 1:3ರಂತೆ ಎಥನಾಲ್‌ನಲ್ಲಿ ಕರಗಿಸಿ, ಎಥನಾಲನ್ನು ನಿರ್ವಾತದಲ್ಲಿ ತೆಗೆದರೆ ಹರಳಾಗದ ರೂಪ ಸಿಗುತ್ತದೆ. ಇದು ಬೇಗ ಕರಗುತ್ತದೆ. ಪ್ರಬಂಧಗಳಲ್ಲಿ ಪಿವಿಪಿಯ ಫಲಿತಾಂಶ ಚಂದ ಕಾಣುತ್ತದೆ. ಆದರೆ ಪಿವಿಪಿಯೇ ತೇವ ಹೀರುತ್ತದೆ, ತೇವ ಸೇರಿದರೆ ಒಳಗಿನದು ನಿಧಾನವಾಗಿ ಮತ್ತೆ ಹರಳಾಗುತ್ತದೆ. ನಮ್ಮ ಹವೆಗೆ ಎಚ್‌ಪಿಎಂಸಿ (ಸೆಲ್ಯುಲೋಸ್‌ನಿಂದ ಮಾಡುವ ಪಾಲಿಮರ್) ಜಾತಿಯವು ಮೇಲು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಎಥನಾಲ್ ಒಂದೇ ಸಾಲದು, ನೀರೂ ಬೆರೆಸಬೇಕು. ಪುಡಿಯಲ್ಲಿ ಉಳಿದ ಎಥನಾಲ್ 5,000 ಪಿಪಿಎಂ ದಾಟಬಾರದು.

ಐದನೆಯದು ಕೊಬ್ಬಿನ ದಾರಿ. ಬ್ರಾಹ್ಮಿಯನ್ನು ತುಪ್ಪದಲ್ಲಿ ಕಾಯಿಸುವ ಘೃತ ಇದರ ಹಳೆಯ ರೂಪ. ಹೊಸ ರೂಪದಲ್ಲಿ ಸೋಯಾದ ಫಾಸ್ಫಟಿಡೈಲ್‌ಕೋಲಿನ್ (ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿ) ಜೊತೆ ಸಾರವನ್ನು ಎಥನಾಲ್‌ನಲ್ಲಿ 50–60 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟು ಇಂಗಿಸುತ್ತಾರೆ. ಕರುಳಿನಲ್ಲಿ ಹೀರಿಕೆ ಚೆನ್ನಾಗಿರುತ್ತದೆ. ಆದರೆ ಸಿಗುವುದು ಮೇಣದಂಥ ಮುದ್ದೆ, ಸಿಲಿಕಾ ಅಥವಾ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಮೇಲೆ ಹೀರಿಸದೆ ಅದು ಪುಡಿಯಾಗುವುದಿಲ್ಲ. ಸೋಯಾ ಅಲರ್ಜಿಯ ಮಾತು ಲೇಬಲ್ ಮೇಲೆ ಇರಲಿ.

ಕಾಳುಮೆಣಸಿನ ವಿಷಯ ಎಲ್ಲರೂ ಕೇಳುತ್ತಾರೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ. ಪಿಪೆರಿನ್ (ಮೆಣಸಿನ ಖಾರದ ಅಂಶ) ಕೊಟ್ಟಾಗ ಮನುಷ್ಯರಲ್ಲಿ ಕರ್ಕ್ಯುಮಿನ್‌ನ ಲಭ್ಯತೆ, ಅಂದರೆ ರಕ್ತಕ್ಕೆ ಸೇರುವ ಪ್ರಮಾಣ, 2000% ಹೆಚ್ಚಿತು. ಆದರೆ ಪಿಪೆರಿನ್ ಏನನ್ನೂ ಕರಗಿಸುವುದಿಲ್ಲ. ದೇಹ ಕರ್ಕ್ಯುಮಿನ್ ಅನ್ನು ಹೊರಹಾಕುವುದನ್ನು ನಿಧಾನ ಮಾಡುತ್ತದೆ. ಬೇರೆ ಮಾತ್ರೆಗಳ ವಿಷಯದಲ್ಲೂ ಅದೇ ಮಾಡಬಹುದು. ಫಿಟ್ಸ್‌ಗೆ ಫೆನಿಟಾಯಿನ್ ತಗೊಳ್ಳುವವರಿಗೆ ಇದು ಸಣ್ಣ ಮಾತಲ್ಲ.

ಹಂತ 5: ಪುಡಿಯ ಜೊತೆ ಬಾಳುವುದು

ಇಡೀ ಘಟಕ ಒಣಗಿಸಲು ಹೋಗಬೇಡಿ. ಒಂದೇ ಒಂದು ಸಣ್ಣ ಕೋಣೆ, ಕಿಟಕಿ ಮುಚ್ಚಿ, ಎರಡು ಬಾಗಿಲು ಇಟ್ಟು, ಡಿಹ್ಯುಮಿಡಿಫೈಯರ್ ಹಾಕಿ 40–45% ತೇವಾಂಶದೊಳಗೆ ಇಡಿ. ಬರೀ ಎಸಿ ಇದ್ದರೆ ಸಾಲದು. ಗೋಡೆಗೆ ತೇವಮಾಪಕ ಇರಲಿ. ಜರಡಿ, ಮಿಶ್ರಣ, ಕ್ಯಾಪ್ಸೂಲ್ ತುಂಬುವುದು, ಪ್ಯಾಕಿಂಗ್ ಎಲ್ಲ ಅಲ್ಲೇ ನಡೆಯಲಿ.

ಪುಡಿ ಹರಿಯುತ್ತದೋ ಇಲ್ಲವೋ ಅಂತ ಅಳತೆ ಜಾಡಿಯಲ್ಲೇ ತಿಳಿಯಬಹುದು. 50 ಗ್ರಾಂ ಸುರಿದಾಗ 120 ಮಿ.ಲೀ. ಇತ್ತು, ಕುಟ್ಟಿ ಕುಟ್ಟಿ 84ಕ್ಕೆ ಇಳಿಯಿತು ಅನ್ನಿ. ವ್ಯತ್ಯಾಸ 36, ಅಂದರೆ 120ರ 30%. ಇದೇ ಕಾರ್ ಸೂಚ್ಯಂಕ. 15ರೊಳಗೆ ಇದ್ದರೆ ಚೆನ್ನ, 20ರವರೆಗೆ ನಡೆಯುತ್ತದೆ, 26 ದಾಟಿದರೆ ಯಂತ್ರ ಒಂದೊಂದು ಕ್ಯಾಪ್ಸೂಲ್‌ಗೆ ಒಂದೊಂದು ತೂಕ ತುಂಬುತ್ತದೆ. ಆಗ ಪುಡಿಯನ್ನು ದಪ್ಪ ಕಾಳು (ಗ್ರ್ಯಾನ್ಯೂಲ್) ಕಟ್ಟಬೇಕು. ನೀರು ಹಾಕಿ ಕಾಳು ಕಟ್ಟಿದರೆ ಸಾರ ಕರಗಿ ಅಂಟಾಗುತ್ತದೆ. ಒಣದಾಗಿಯೇ ದೊಡ್ಡ ಬಿಲ್ಲೆ ಒತ್ತಿ, ಒಡೆದು, 20 ಮೆಶ್ ಜರಡಿ ಹಿಡಿಯುವುದು ಒಳ್ಳೆಯದು.

ಮಾತ್ರೆಗೆ ಮೆಗ್ನೀಸಿಯಂ ಸ್ಟಿಯರೇಟ್ 0.5–1% ಸಾಕು, ಕೊನೆಯ ಎರಡು ಮೂರು ನಿಮಿಷ ಮಾತ್ರ ಬೆರೆಸಿ. ಅದು ನೀರನ್ನು ದೂರ ಇಡುವ ವಸ್ತು. ಜಾಸ್ತಿ ಬೆರೆಸಿದರೆ ನಾಲ್ಕನೇ ಹಂತದ ಶ್ರಮವೆಲ್ಲ ನೀರುಪಾಲು. ಸಾರದ ಮಾತ್ರೆಗಳು ಒಡೆಯದೆ ಹೊರಗಿನಿಂದ ನಿಧಾನಕ್ಕೆ ಸವೆಯುತ್ತವೆ. 3–5% ಕ್ರಾಸ್‌ಪೊವಿಡೋನ್ ಅಥವಾ ಕ್ರಾಸ್‌ಕಾರ್ಮೆಲೋಸ್ ಹಾಕಿದರೆ ಒಡೆಯುತ್ತವೆ.

ಹಂತ 6: ಪರವಾನಗಿ, ಪ್ರಮಾಣ, ಶೆಲ್ಫ್

ಆಯುರ್ವೇದ ಔಷಧಕ್ಕೆ ಫಾರ್ಮ್ 25-ಡಿ ಪರವಾನಗಿ, ಶೆಡ್ಯೂಲ್ ಟಿ (ಒಳ್ಳೆಯ ತಯಾರಿಕಾ ಕ್ರಮದ ನಿಯಮ) ಪ್ರಕಾರದ ಘಟಕ ಬೇಕು. ಏನೇನು ಸಹಾಯಕ ವಸ್ತು ಸೇರಿಸಬಹುದು ಅಂತ 1945ರ ಔಷಧ ನಿಯಮಗಳ 169ನೇ ನಿಯಮ ಹೇಳುತ್ತದೆ, ಸಾರಗಳಿಗೆ ಯಾವ ಪುರಾವೆ ಕೊಡಬೇಕು ಅಂತ 158-ಬಿ ಹೇಳುತ್ತದೆ. ಸೈಕ್ಲೋಡೆಕ್ಸ್‌ಟ್ರಿನ್, ಫಾಸ್ಫೋಲಿಪಿಡ್ ಸೇರಿಸುವ ಮೊದಲೇ ರಾಜ್ಯದ ಆಯುಷ್ ಪರವಾನಗಿ ಅಧಿಕಾರಿಗಳನ್ನು ಬರಹದಲ್ಲಿ ಕೇಳಿ. ಎಥನಾಲ್‌ಗೆ ಅಬಕಾರಿ ಅನುಮತಿ ಬೇಕು, ಕಾಡಿನ ಮಾಲಿಗೆ ಅರಣ್ಯ ಇಲಾಖೆ ಮತ್ತು ಜೀವವೈವಿಧ್ಯ ಮಂಡಳಿಯ ನಿಯಮ ನೋಡಿ. ಪ್ರತಿ ಬ್ಯಾಚಿನಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ ಒಳಗೆ ಇರಬೇಕು.

ಕರಗುವಿಕೆ ಹೆಚ್ಚಿಸಿದ ಮೇಲೆ ಹಳೆಯ ಪ್ರಮಾಣವನ್ನೇ ಲೇಬಲ್ ಮೇಲೆ ಬರೆಯಬೇಡಿ. ರಕ್ತಕ್ಕೆ ಜಾಸ್ತಿ ಸೇರುವ ಔಷಧ ಅಂದರೆ ಬೇರೆ ಔಷಧವೇ. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಪೂರಕಗಳನ್ನು ತಗೊಂಡವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ವರದಿಯಾಗಿ, ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಕೆ ಕೊಡಬೇಕಾಯಿತು. ಪ್ರಮಾಣವನ್ನು ವೈದ್ಯರು, ಫಾರ್ಮಕಾಲಜಿ ತಿಳಿದವರ ಜೊತೆ ಕೂತು ನಿಗದಿ ಮಾಡಿ.

ಕೊನೆಗೆ ಶೆಲ್ಫ್ ಪರೀಕ್ಷೆ. 40 ಡಿಗ್ರಿ, 75% ತೇವಾಂಶದಲ್ಲಿ ಆರು ತಿಂಗಳು ಇಟ್ಟು ತೇವ, ಮಾರ್ಕರ್, ಕರಗುವಿಕೆ ಮೂರನ್ನೂ ಅಳೆಯಿರಿ. ಇದರ ಜೊತೆಗೆ ಅಂಗಡಿಗೆ ಹೋಗುವ ಪ್ಯಾಕಿನಲ್ಲೇ ಕೆಲವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾದಾ ಗೋದಾಮಿನಲ್ಲಿಡಿ. ಅರ್ಧದಷ್ಟನ್ನು ದಿನಕ್ಕೆರಡು ಸಲ ಮುಚ್ಚಳ ತೆಗೆದು ಹಾಕಿ, ರೋಗಿ ಮಾಡುವುದು ಅದನ್ನೇ. ಎಚ್‌ಡಿಪಿಇ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ ಅಲ್ಲಿ ಸೋತರೆ ಎರಡೂ ಕಡೆ ಅಲ್ಯೂಮಿನಿಯಂ ಇರುವ ಆಲು-ಆಲು ಬ್ಲಿಸ್ಟರ್‌ಗೆ ಹೋಗಿ. ಅದೂ ದುಬಾರಿ ಅನಿಸಿದರೆ 60ರ ಡಬ್ಬಿ ಬಿಟ್ಟು 15ರ ಡಬ್ಬಿ ಮಾಡಿ, ಒಂದು ವಾರದಲ್ಲಿ ಖಾಲಿಯಾಗುವ ಡಬ್ಬಿಗೆ ತೇವ ಸೇರಲು ಸಮಯ ಕಮ್ಮಿ.